ಮೇಲೆ ನೋಡಿದರೆ ಹೌದು

ಹೋದ ವಾರ ನನ್ನ ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳು ರೋಗಿಯ ತಲೆದೆಸೆಯ ಗೋಡೆಗೆ ಅಂಟಿಸಿದ್ದ ಚೀಟಿಯನ್ನು ನಾನು ಎಲ್ಲರೆದುರಿಗೇ ಕಿತ್ತು, ಮುದುರಿ ಕಸದ ಡಬ್ಬಿಗೆ ಹಾಕಿದೆ. ಹುಡುಗಿ ಬೆಚ್ಚಿಬಿದ್ದಳು. ಅವಳು ಬರೆದದ್ದರಲ್ಲಿ ತಪ್ಪೇನೂ ಇರಲಿಲ್ಲ. ಲಕ್ವ ಹೊಡೆದು ಮಾತು ನಿಂತ ಅಜ್ಜನೊಬ್ಬನ ಹತ್ತಿರ ಹೇಗೆ ಮಾತಾಡಬೇಕು, ಅವನ ಯಾವ ಸನ್ನೆಗೆ ಏನರ್ಥ ಅಂತ ನಾಲ್ಕು ಸಾಲು. ದುಂಡಗಿನ ಅಕ್ಷರ, ಸುತ್ತ ಹೂಬಳ್ಳಿ ಬೇರೆ.

"ಏನ್ ತಪ್ಪಾಗೈತ್ರಿ ಮೇಡಂ?" ಅಂತ ಕೇಳಿದಳು.

"ಇದನ್ನ ಅಜ್ಜನಿಗೆ ಓದಿ ಹೇಳಿದೀಯೇನೆ?"

ಅವಳು ಅಜ್ಜನ ಕಡೆ ನೋಡಿದಳು, ಗೋಡೆಯ ಕಡೆ ನೋಡಿದಳು. ಅಜ್ಜ ಮಲಗಿದ್ದಲ್ಲಿಂದ ಚಾವಣಿ ಕಾಣುತ್ತಿತ್ತು, ಫ್ಯಾನು ಕಾಣುತ್ತಿತ್ತು. ಚೀಟಿ ಇದ್ದದ್ದು ಅವನ ತಲೆಯ ಹಿಂದೆ. ನಾನು ಬೈದದ್ದು ಅತಿಯಾಯಿತು ಅಂತ ಆಮೇಲೆ ಅನ್ನಿಸಿತು. ಆದರೆ ಕೆಲವು ವರ್ಷಗಳ ಹಿಂದೆ ನಾನೂ ಒಂದು ಚೀಟಿ ಅಂಟಿಸಿದ್ದ ಅದೇ ವಾರ್ಡು, ಅದೇ ಮೂಲೆ. ಗಾಳಿಗೆ ಬಡಿದುಕೊಳ್ಳದಂತೆ ಬ್ಯಾಂಡೇಜ್ ಬಟ್ಟೆಯಲ್ಲಿ ಬಿಗಿದು ಕಟ್ಟಿದ್ದ ಅದೇ ಕಿಟಕಿ. ಆ ಹುಡುಗಿಯ ಚೀಟಿಯಲ್ಲಿ ನನಗೆ ಕಂಡದ್ದು ನನ್ನದೇ ಕೆಂಪು ಸ್ಕೆಚ್ ಪೆನ್ನಿನ ಅಕ್ಷರ.

ನಾನು ಹೊಸದುರ್ಗದವಳು. ಚಿತ್ರದುರ್ಗದ ಈ ಆಸ್ಪತ್ರೆಯ ಹೆಸರು ಬೇಡ. ಆಗ ನಾನು ಇಲ್ಲಿ ಮೆದುಳು ಮತ್ತು ನರದ ಕಾಯಿಲೆಯವರ ತೀವ್ರ ನಿಗಾ ಘಟಕದಲ್ಲಿ ಹಿರಿಯ ನರ್ಸು. ಆ ವರ್ಷದ ಆಷಾಢ ಬಲು ಕೆಟ್ಟದಾಗಿತ್ತು. ದುರ್ಗದ ಆಷಾಢ ಅಂದರೆ ಮಳೆಯಲ್ಲ, ಗಾಳಿ. ಗುಡ್ಡದ ಮೇಲಿನ ಗಾಳಿಯಂತ್ರಗಳು ಹಗಲೆಲ್ಲ ಗಿರಗಿರ ತಿರುಗುತ್ತಿದ್ದವು. ಎಷ್ಟು ಒರೆಸಿದರೂ ಮಂಚದ ಸರಳಿನ ಮೇಲೆ ಸಣ್ಣ ಮಣ್ಣು ಬಂದು ಕೂರುತ್ತಿತ್ತು. ಆಯಾ ತಿಪ್ಪಕ್ಕ ಒರೆಸುವುದು, ಗಾಳಿ ತಂದು ಹಾಕುವುದು, ಅವರಿಬ್ಬರದೂ ಮುಗಿಯದ ಜಗಳ.

ಆ ಗಾಳಿಯ ದಿನಗಳಲ್ಲೇ ಕರಿಬಸಮ್ಮ ಬಂದಳು. ಮೂವತ್ತಾರು ವರ್ಷ, ಹಿರಿಯೂರು ಹತ್ತಿರದವಳು, ಬಬ್ಬೂರಿನ ಕೃಷಿ ಫಾರಂನಲ್ಲಿ ಕೂಲಿ ಕೆಲಸ. ಬೇರೆ ಪರಾಗ ಬೀಳದಂತೆ ಸೂರ್ಯಕಾಂತಿ ಹೂವಿಗೆ ಕಾಗದದ ಚೀಲ ಕಟ್ಟುತ್ತ ನಿಂತವಳು ನಿಂತಲ್ಲೇ ಕುಸಿದಿದ್ದಳು. ಮೆದುಳಿನ ಬುಡದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಕೈಯಿಲ್ಲ, ಕಾಲಿಲ್ಲ, ಮಾತಿಲ್ಲ, ನುಂಗುವುದಕ್ಕೂ ಆಗದು. ಗಂಟಲಿಗೆ ತೂತು ಮಾಡಿ ಉಸಿರಿಗೊಂದು ಕೊಳವೆ, ಮೂಗಿನಲ್ಲಿ ಗಂಜಿಗೊಂದು ಕೊಳವೆ. ಕೊರಳಲ್ಲಿದ್ದ ಲಿಂಗದ ದಾರ ಕೊಳವೆಗೆ ಅಡ್ಡ ಬರುತ್ತದೆ ಅಂತ ನಾವು ಬಿಚ್ಚಿದಾಗ ಗಂಡ ಓಂಕಾರಪ್ಪ ಅದನ್ನು ಎರಡೂ ಕೈಯಲ್ಲಿ ಇಸಕೊಂಡು ಅವಳ ರಟ್ಟೆಗೆ ಕಟ್ಟಿದರು. ಗಾರೆ ಕೆಲಸದವರು, ಬೆರಳ ಸಂದಿಯಲ್ಲಿ ಸಿಮೆಂಟು ಹಾಗೇ ಒಣಗಿತ್ತು.

ಮೊದಲ ವಾರ ಅವಳಿಗೆ ಎಚ್ಚರವೇ ಇಲ್ಲ ಅಂದುಕೊಂಡಿದ್ದೆವು. ಇದೆ ಅಂತ ಮೊದಲು ಕಂಡವಳು ನಾನೇ. ಒಂದು ಬೆಳಿಗ್ಗೆ ಅವಳ ಬಾಯಿ ಒರೆಸುತ್ತಿದ್ದೆ, ಹತ್ತಿಯ ಉಂಡೆ ಕೈಜಾರಿ ಎದೆಯ ಮೇಲೆ ಬಿತ್ತು. ಅವಳ ಕಣ್ಣು ಅದರ ಹಿಂದೆಯೇ ಕೆಳಗಿಳಿಯಿತು. ಎತ್ತಿ ಹಿಡಿದೆ, ಕಣ್ಣು ಮೇಲೆ ಬಂತು. ಪಕ್ಕಕ್ಕೆ ಆಡಿಸಿದೆ, ಕಣ್ಣು ಬರಲಿಲ್ಲ. ಮೇಲೆ, ಕೆಳಗೆ, ರೆಪ್ಪೆ ಮುಚ್ಚುವುದು, ತೆರೆಯುವುದು, ಇಷ್ಟೇ ಅವಳಿಗೆ ಉಳಿದದ್ದು. ನಾನು ಡಾಕ್ಟರ ಹತ್ತಿರ ಓಡಿದೆ. ಅವರು ಬಂದು ಬ್ಯಾಟರಿ ಬಿಟ್ಟು ನೋಡಿ, ನನ್ನನ್ನು ಹೊರಗೆ ಕರೆದು, "ಒಳಗೆ ಎಚ್ಚರ ಇದೆ ಸಿಸ್ಟರ್, ದೇಹ ಬೀಗ ಹಾಕಿಕೊಂಡಿದೆ. ಇಂಥವರಿಗೆ ಒಂದು ಪದ್ಧತಿ ಇದೆ. ಮೇಲೆ ನೋಡಿದರೆ ಹೌದು, ಕಣ್ಣು ಮುಚ್ಚಿದರೆ ಇಲ್ಲ. ಬರೆದು ಹಾಕಿ, ಎಲ್ಲರೂ ಅದನ್ನೇ ಪಾಲಿಸಲಿ" ಅಂದರು. ಭೇಷ್ ಅಂತ ಒಂದು ಮಾತೂ ಸೇರಿಸಿದರು. ಆ ಭೇಷು ನನ್ನ ತಲೆಗೇರಿತು ಅಂತಲೇ ಇಟ್ಟುಕೊಳ್ಳಿ.

ಕೆಂಪು ಸ್ಕೆಚ್ ಪೆನ್ನಿನಲ್ಲಿ ದೊಡ್ಡದಾಗಿ ಬರೆದೆ. ತಲೆದೆಸೆಯ ಗೋಡೆಗೆ ಅಂಟಿಸಿದೆ. ಮೂರು ಪಾಳಿಯ ನರ್ಸುಗಳಿಗೂ ಹೇಳಿದೆ, ಫಿಜಿಯೋಥೆರಪಿಯವನಿಗೆ ಹೇಳಿದೆ, ತಿಪ್ಪಕ್ಕನಿಗೆ ಎರಡೆರಡು ಸಲ ಹೇಳಿದೆ.

ಅವತ್ತಿನಿಂದ ನಾವು ಕರಿಬಸಮ್ಮನನ್ನು ಎಲ್ಲ ಕೇಳಿಯೇ ಮಾಡಿದೆವು. ನನಗದೇ ಹೆಮ್ಮೆ. ನೋವಿದೆಯಾ? ಕಣ್ಣು ಮೇಲೆ. ನೋವಿನ ಇಂಜೆಕ್ಷನ್ ಕೊಟ್ಟೆವು. ಅರ್ಧ ದಿನ ತೂಕಡಿಸಿದಳು. ಚಳಿ ಆಗ್ತಿದೆಯಾ? ಕಣ್ಣು ಮೇಲೆ. ಕಂಬಳಿ ಹೊದಿಸಿದೆವು. ಕತ್ತಿನ ಹಿಂದೆಲ್ಲ ಬೆವರಿದಳು. ಜ್ವರವೇನೋ ಅಂತ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದೆವು. ಮೊಬೈಲಿನಲ್ಲಿ ಭಜನೆ ಹಾಕಲಾ? ಕಣ್ಣು ಮೇಲೆ. ಒಂದೇ ಭಜನೆ ಅವತ್ತಿನಿಂದ ದಿನವೂ ಅವಳ ಕಿವಿಯ ಪಕ್ಕ ಹಾಡಿತು. ತಿಪ್ಪಕ್ಕ, "ನಂಗೇ ಬಾಯಿಪಾಠ ಬಂತು, ಈಯಮ್ಮಂಗೆ ಇನ್ನೂ ಬೇಸ್ರ ಇಲ್ವೇನೋ" ಅಂದಳು. ನಾವೆಲ್ಲ ನಕ್ಕೆವು. ಆ ನಗುವನ್ನು ನೆನೆದರೆ ನನಗೆ ಈಗಲೂ ಊಟ ಸೇರುವುದಿಲ್ಲ.

ಡಾಕ್ಟರು ಅವಳ ಬುದ್ಧಿ ಪರೀಕ್ಷಿಸಲು ಮೂರು ಪ್ರಶ್ನೆ ಕೇಳಿದರು. ನಾನು ಪಕ್ಕದಲ್ಲೇ ಇದ್ದೆ.

"ನಿಮ್ಮ ಹೆಸರು ಕರಿಬಸಮ್ಮನಾ?" ಕಣ್ಣು ಮುಚ್ಚಿದಳು.

"ಈ ಊರು ಬೆಂಗಳೂರಾ?" ಮೇಲೆ ನೋಡಿದಳು.

"ನಿಮಗೆ ಮದುವೆ ಆಗಿದೆಯಾ?" ಕಣ್ಣು ಮುಚ್ಚಿದಳು.

ಮೂರೂ ತಪ್ಪು. "ಎಚ್ಚರ ಇದೆ, ಆದರೆ ಗೊಂದಲದಲ್ಲಿದ್ದಾರೆ" ಅಂತ ಫೈಲಿನಲ್ಲಿ ಬರೆದರು. ತನ್ನ ಹೆಸರನ್ನೇ ಮರೆತಳಲ್ಲ ಅಂತ ನಾನು ಮರುಗಿದೆ. ಮೂರಕ್ಕೆ ಮೂರೂ ತಲೆಕೆಳಗಾಗಿ ಬರುತ್ತಿದೆಯಲ್ಲ, ಇದೇನು ಅಂತ ಒಮ್ಮೆಯಾದರೂ ಯೋಚಿಸಬೇಕಿತ್ತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ನಮ್ಮಪ್ಪ ದಿನಕ್ಕೆ ಹತ್ತು ಸಲ ಹೇಳುತ್ತಿದ್ದ. ನಾನು ಪ್ರಮಾಣಿಸಲಿಲ್ಲ. ಚೀಟಿ ನಾನೇ ಬರೆದದ್ದಲ್ಲವಾ, ಅದು ಹೇಗೆ ತಪ್ಪಾದೀತು?

ಮೂರನೇ ವಾರಕ್ಕೆ ಮನೆಯವರು ಸೋತಿದ್ದರು. ಮೊದಲಿನಂತೆ ಆಗುವುದಿಲ್ಲ ಅಂತ ಡಾಕ್ಟರು ಹೇಳಿಬಿಟ್ಟಿದ್ದರು, ಬುದ್ಧಿಯೂ ಕಲೆಸಿದೆ ಅಂತ ಬೇರೆ. ಓಂಕಾರಪ್ಪನ ಅಕ್ಕ ಗಂಗಮ್ಮನನ್ನು ಹೊರಕೆರೆದೇವಪುರಕ್ಕೆ ಕೊಟ್ಟಿತ್ತು. ಆಕೆ ಬಂದವರೇ ಕರಿಬಸಮ್ಮನ ಹಣೆಗೆ ವಿಭೂತಿ ಹಚ್ಚಿ, ಸೆರಗು ಬಾಯಿಗೆ ಹಿಡಿದು, "ಸಾಕು ಕಣಪ್ಪ. ಈ ಪೈಪುಗಳ ನಡುವೆ ಬ್ಯಾಡ. ಮನೆ ಹೊಸ್ತಿಲ ಒಳಗೆ ಹೋಗ್ಲಿ ಜೀವ" ಅಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ನಮ್ಮ ಕಡೆ ಜೀವ ಹೋಗುವುದಾದರೆ ಮನೆಯಲ್ಲೇ ಹೋಗಬೇಕು ಅನ್ನುವುದು ಪ್ರೀತಿಯ ಮಾತೇ. ವಾರ್ಡಿನಲ್ಲಿ ನಮಗೂ "ಮನೆಗೆ" ಅಂದರೆ ಏನು ಅಂತ ಗೊತ್ತಿತ್ತು. ಗಂಟಲ ಕೊಳವೆಯಲ್ಲಿ ಕಟ್ಟುವ ಕಫವನ್ನು ಗಂಟೆಗೊಮ್ಮೆ ಯಂತ್ರದಿಂದ ಹೀರಿ ತೆಗೆಯುವವರು ಅಲ್ಲಿ ಯಾರೂ ಇರುವುದಿಲ್ಲ. ಹೆಚ್ಚೆಂದರೆ ನಾಲ್ಕು ದಿನ.

ಓಂಕಾರಪ್ಪ, "ನಾನ್ ಯಾರು ಹೇಳಾಕೆ? ಅವ್ಳನ್ನೇ ಕೇಳ್ತೀನಿ" ಅಂದರು. ನನಗೆ ಆ ಮನುಷ್ಯನ ಮೇಲೆ ಗೌರವ ಹುಟ್ಟಿತು. ಹಾಗೆ ಹೇಳುವ ಗಂಡಂದಿರನ್ನು ನಾನು ಹೆಚ್ಚು ನೋಡಿಲ್ಲ.

ಅವರು ಮಂಚದ ಮೇಲೆ ಬಗ್ಗಿ ಹೆಂಡತಿಯ ಮುಖಕ್ಕೆ ಮುಖ ಕೊಟ್ಟು ಕೇಳಿದರು. "ಬಸಮ್ಮೀ, ಮನಿಗೆ ಹೋಗಾಣೇನೆ?"

ಕರಿಬಸಮ್ಮನ ಕಣ್ಣು ಸರ್ರನೆ ಮೇಲೆ ಹೋಯಿತು. ಕಣ್ಣಂಚಿನಿಂದ ನೀರಿಳಿದು ಕಿವಿಯ ಕಡೆ ಹರಿಯಿತು.

ಓಂಕಾರಪ್ಪ ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಒಂದು ಬಗೆಯ ಬೆಳಕಿತ್ತು. "ಬ್ಯಾಡ ಅಂತಾಳೆ ಸಿಸ್ಟರೇ."

ನಾನು, ಈ ಮಹಾ ಬುದ್ಧಿವಂತೆ, ಅವಳಿಗೆ ಕೇಳದಂತೆ ಅವರನ್ನು ಬಾಗಿಲ ಹತ್ತಿರ ಕರೆದು ತಿದ್ದಿದೆ. "ಇಲ್ಲ ಓಂಕಾರಪ್ನೋರೆ, ಮೇಲೆ ನೋಡಿದ್ರೆ ಹೌದು ಅಂತ. ಇಂಥ ರೋಗಿಗಳಿಗೆ ಹಂಗೇ ಒಂದು ಪದ್ಧತಿ ಐತೆ. ಗೋಡೆ ಮೇಲೆ ಬರೆದೀವಿ ನೋಡ್ರಿ."

ಅವರು ಗೋಡೆ ನೋಡಿದರು. ನಿಧಾನಕ್ಕೆ ಕೂಡಿಸಿ ಓದಿದರು. ಮತ್ತೆ ಹೆಂಡತಿಯ ಮುಖ ನೋಡಿದರು. "ಹಂಗಾರೆ ಬರ್ತೀನಿ ಅಂತಾಳಾ?"

"ಹೌದು. ಅದಕ್ಕೇ ಅಳ್ತಿದಾರೆ, ಪಾಪ. ಮನೆ ನೆನಪಾಗಿರಬೇಕು."

"ಸರಿ ಬಿಡ್ರಿ. ನೀವು ಓದಿದೋರು" ಅಂದರು. ಮಾರನೇ ದಿನ ಹತ್ತು ಗಂಟೆಗೆ ಆಂಬ್ಯುಲೆನ್ಸ್ ಅಂತ ಆಯಿತು. ನಮ್ಮಿಷ್ಟದಂತೆ ಕರೆದೊಯ್ಯುತ್ತಿದ್ದೇವೆ ಅನ್ನುವ ಕಾಗದಕ್ಕೆ ಅವರು ಅವತ್ತು ಸಂಜೆಯೇ ರುಜು ಹಾಕಿದರು.

ಬೆಳಿಗ್ಗೆ ನಾನು ಬೇಗ ಬಂದೆ. ಹೋಗುವವಳನ್ನು ಚೆಂದ ಮಾಡಿ ಕಳಿಸಬೇಕು ಅಂತ ಮೈ ಒರೆಸಿ, ಬೆನ್ನಿಗೆ ಪೌಡರ್ ಹಾಕಿ, ತಲೆ ಬಾಚಿ ಎರಡು ಜಡೆ ಹಾಕಿದೆ. ಅಷ್ಟು ಹೊತ್ತೂ ಅವಳು ನನ್ನನ್ನೇ ನೋಡುತ್ತಿದ್ದಳು. ನಾನು ಅವಳ ಕಣ್ಣು ತಪ್ಪಿಸುತ್ತಿದ್ದೆ. ಗಂಟಲ ಕೊಳವೆಯ ಕಫ ತೆಗೆಯುತ್ತಿದ್ದಾಗ ತಿಪ್ಪಕ್ಕ ಬಾಗಿಲಲ್ಲಿ ಟೀ ಲೋಟ ಎತ್ತಿ ತೋರಿಸಿ, "ಈಗ ಕುಡೀತೀರೇನ್ರಿ ಸಿಸ್ಟರೇ?" ಅಂದಳು.

ನನ್ನ ಎರಡೂ ಕೈಯಲ್ಲಿ ಕೆಲಸವಿತ್ತು. ಮೂಗು ಬಾಯಿ ಮಾಸ್ಕಿನೊಳಗಿತ್ತು. ನಾನು ಹುಬ್ಬು ಎತ್ತಿ, ಕಣ್ಣು ಮೇಲೆ ಮಾಡಿ, ಮಾಸ್ಕಿನೊಳಗೇ ನಾಲಿಗೆಯಿಂದ "ಚ್" ಅಂದೆ.

"ಬ್ಯಾಡಾದ್ರೆ ಆಮ್ಯಾಲೆ ಬಿಸಿ ಮಾಡ್ಕೊಡ್ತೀನಿ" ಅಂತ ತಿಪ್ಪಕ್ಕ ಲೋಟ ತೆಗೆದುಕೊಂಡು ಹೋದಳು.

ಯಂತ್ರ ಗುರುಗುಡುತ್ತಲೇ ಇತ್ತು. ನಾನು ಕೊಳವೆ ಹಿಡಿದು ಹಾಗೇ ನಿಂತೆ. ಅಷ್ಟು ದೂರದಿಂದ, ಬರೀ ಕಣ್ಣು ನೋಡಿ, ತಿಪ್ಪಕ್ಕನಿಗೆ ನಾನು ಬೇಡ ಅಂದದ್ದು ಹೇಗೆ ಗೊತ್ತಾಯಿತು? ಗೊತ್ತಾಗದೆ ಏನು. ಹಿರಿಯೂರಿಂದ ಹೊಸದುರ್ಗದ ತನಕ ಯಾವ ಅಂಗಡಿಯಲ್ಲಿ ಇಲ್ಲದ ಸಾಮಾನು ಕೇಳಿದರೂ ಅಂಗಡಿಯವನು ಬಾಯಿ ಬಿಡದೆ ಕೊಡುವ ಉತ್ತರ ಅದೇ. ನಮ್ಮವ್ವ ಇನ್ನೊಂದು ಮುದ್ದೆ ಹಾಕಲಾ ಅಂದರೆ ನಾನು ಬೇಡ ಅನ್ನುವುದೂ ಹಾಗೇ. ಕಣ್ಣು ಮೇಲೆ ಹೋದರೆ ಇಲ್ಲ. ಕಣ್ಣು ಮುಚ್ಚಿ ಕತ್ತು ಓರೆ ಮಾಡಿದರೆ ಹೂಂ. ಹುಟ್ಟಿದಾಗಿನಿಂದ ನಾನು ಆಡಿದ ಭಾಷೆ ಅದು. ಕರಿಬಸಮ್ಮನಿಗೆ ಚ್ ಅನ್ನಲು ನಾಲಿಗೆ ಇರಲಿಲ್ಲ, ಓರೆ ಮಾಡಲು ಕತ್ತು ಇರಲಿಲ್ಲ. ಕಣ್ಣಿತ್ತು.

ಅದಕ್ಕಿಂತ ದೊಡ್ಡ ಏಟು ಆಮೇಲೆ ಬಿತ್ತು. ನಾನು ತಲೆಯೆತ್ತಿ ಚೀಟಿ ನೋಡಿದೆ. ಮೂರು ಪಾಳಿಗೆ ಹೇಳಿದ್ದೆ. ಆಯಾಗೆ ಹೇಳಿದ್ದೆ. ಅವಳ ಗಂಡನಿಗೆ ಹೇಳಿದ್ದೆ. ಅವಳಿಗೆ ಯಾರು ಹೇಳಿದರು? ಡಾಕ್ಟರು ನನಗೆ ಹೇಳಿ ಹೋದರು, ನಾನು ಬರೆಯಲು ಹೋದೆ. ಊರಿಗೆಲ್ಲ ಹೇಳಿ ಅವಳೊಬ್ಬಳಿಗೆ ಹೇಳಿರಲಿಲ್ಲ. ಸುಳ್ಳು ಹೇಳುವುದಿಲ್ಲ, ಆ ಕ್ಷಣದಲ್ಲಿ ಮೊದಲು ಅನ್ನಿಸಿದ್ದು ಇದು ನಿಜವಾಗದಿರಲಿ ಅಂತ.

ಯಂತ್ರ ನಿಲ್ಲಿಸಿದೆ. ಮಾಸ್ಕ್ ಕೆಳಗೆಳೆದೆ. ಅಷ್ಟು ದಿನದಲ್ಲಿ ಅವಳು ನನ್ನ ಪೂರ್ತಿ ಮುಖ ನೋಡಿದ್ದು ಅದೇ ಮೊದಲು. ಅವಳ ಕಣ್ಣಿಗೆ ನೇರವಾಗಿ ಬಗ್ಗಿ ಕೇಳಿದೆ.

"ಕರಿಬಸಮ್ಮ, ನಿಮ್ಮ ತಲೆ ಹಿಂದಿನ ಗೋಡೆ ಮ್ಯಾಲೆ ಒಂದು ಚೀಟಿ ಐತೆ. ಅದರಾಗೆ ಏನ್ ಬರೆದೀವಿ ಅಂತ ಯಾರಾದ್ರೂ ಹೇಳಿದಾರಾ ನಿಮಗೆ?"

ಕಣ್ಣು ಮೇಲೆ.

"ನಿಮ್ಮ ಹೆಸರು ಕರಿಬಸಮ್ಮನಾ?"

ರೆಪ್ಪೆ ನಿಧಾನಕ್ಕೆ ಮುಚ್ಚಿ ತೆರೆಯಿತು. ಹೂಂ.

"ಈ ಊರು ಬೆಂಗಳೂರಾ?"

ಮೇಲೆ.

"ದುರ್ಗನಾ?"

ಹೂಂ.

"ಮನೆಗೆ ಹೋಗ್ತೀರಾ?"

ಕಣ್ಣು ಮೇಲೆ ಹೋಯಿತು. ಕೆಳಗೆ ಬರಲಿಲ್ಲ. ಹಾಗೇ ಮೇಲೆಯೇ ಹಿಡಿದುಕೊಂಡಳು. ಬಿಳಿ ಗುಡ್ಡೆ ಕಾಣುವಷ್ಟು ಮೇಲೆ, ನೀರು ತುಂಬಿ ತುಳುಕಿದರೂ ಬಿಡಲಿಲ್ಲ. ಕೆಳಗಿಳಿಸಿದರೆ ನಾನು ಮತ್ತೆ ಬೇರೆ ಏನೋ ಅಂದುಕೊಂಡೇನು ಅನ್ನುವ ಭಯ ಅವಳಿಗೆ. "ಆಯ್ತು, ಆಯ್ತು, ಗೊತ್ತಾಯ್ತು, ಕಳಿಸಲ್ಲ" ಅಂತ ನಾನು ಎಷ್ಟು ಸಲ ಅಂದೆನೋ. ಅನ್ನುತ್ತಲೇ ಅವಳ ಕೆನ್ನೆ ಒರೆಸಿದೆ.

ಡಾಕ್ಟರನ್ನು ಕರೆದೆ. ಅವರು ಅವೇ ಮೂರು ಪ್ರಶ್ನೆ ತಿರುಗಿ ಕೇಳಿದರು. ಇನ್ನೂ ಏಳೆಂಟು ಕೇಳಿದರು. ಒಂದೂ ತಪ್ಪಲಿಲ್ಲ. ಫೈಲು ಮುಚ್ಚಿ, ಕನ್ನಡಕ ತೆಗೆದು, ಕಿಟಕಿಯ ಕಡೆ ತಿರುಗಿ ನಿಂತರು. "ನಾನೇ ಅವರಿಗೆ ಹೇಳಬೇಕಿತ್ತು ಸಿಸ್ಟರ್" ಅಂದರು. ಅವರು ತಮ್ಮ ಮೇಲೆ ಹಾಕಿಕೊಂಡದ್ದರಿಂದ ನನಗೇನೂ ಹಗುರವಾಗಲಿಲ್ಲ.

ಓಂಕಾರಪ್ಪ ಹೊರಗೆ ಆಂಬ್ಯುಲೆನ್ಸಿನ ಹತ್ತಿರ ಇದ್ದರು. ಹಾಸಲು ಮನೆಯಿಂದ ಕೌದಿ ತಂದಿದ್ದರು. ಗಾಳಿಗೆ ಅದು ಹಾರದಂತೆ ಕಂಕುಳಲ್ಲಿ ಅಮುಕಿಕೊಂಡಿದ್ದರು. ನಾನು ಹೇಳಿದೆ. ಎಲ್ಲವನ್ನೂ ಹೇಳಿದೆ, ಚೀಟಿಯನ್ನು ಬರೆದವಳು ನಾನೇ ಅನ್ನುವುದನ್ನೂ. ಗಂಗಮ್ಮ ಸೆರಗಿನ ತುದಿ ಕಚ್ಚಿಕೊಂಡು, "ಅಯ್ಯೋ ಶಿವನೇ, ಬದುಕಿರೋಳನ್ನ ಕಳಿಸಾಕೆ ಹೊಂಟಿದ್ನಲ್ಲೋ" ಅಂತ ಅಲ್ಲೇ ಕಟ್ಟೆಯ ಮೇಲೆ ಕುಂತರು.

ಓಂಕಾರಪ್ಪ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ಹದಿನಾರು ವರ್ಷ ಆತು ಸಿಸ್ಟರೇ ಮದ್ವಿಯಾಗಿ" ಅಂದರು. "ಅವ್ಳು ನಂಗೆ ಬ್ಯಾಡ ಅಂದಿದ್ದೆಲ್ಲಾ ಹಿಂಗೇ ಅಂದಿರಾದು. ನಂಗೆ ಗೊತ್ತಿತ್ತು. ನೀವು ಹೇಳಿದ್ರಿ ಅಂತ ನನ್ ಕಣ್ಣ ನಾನೇ ನಂಬಲಿಲ್ಲ."

ಎರಡು ವಾರ ಆ ಹೆಂಗಸು ಬೇಡ ಬೇಡ ಅನ್ನುತ್ತ ಮಲಗಿದ್ದಳು, ನಾವು ಅಕ್ಕರೆಯಿಂದ ಕೇಳಿ ಕೇಳಿ ಬೇಡದ್ದನ್ನೇ ಮಾಡಿದ್ದೆವು. ಯಾರೂ ಸೋಮಾರಿಗಳಾಗಿರಲಿಲ್ಲ, ಯಾರೂ ಕಟುಕರಾಗಿರಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸುವುದು. ಆಂಬ್ಯುಲೆನ್ಸ್ ಖಾಲಿ ವಾಪಸು ಹೋಯಿತು. ನಾನು ಚೀಟಿ ಕಿತ್ತೆ. ಅಂಟಿನ ಜೊತೆ ಗೋಡೆಯ ಸುಣ್ಣವೂ ಒಂದಂಗುಲ ಕಿತ್ತು ಬಂತು. ಆಮೇಲೆ ಅವಳ ಎದುರಿಗೆ ಕೂತು, ನಿಮಗೆ ಹೇಗೆ ಬೇಕೋ ಹಾಗೇ ಹೇಳಿ, ನಾವು ಕಲಿಯುತ್ತೇವೆ ಅಂದೆ. ಮೊದಲು ಕೇಳಿದ್ದು, ಭಜನೆ ಸಾಕಾ ಅಂತ. ಅವಳು ಕಣ್ಣು ಮುಚ್ಚಿ ಎಷ್ಟೋ ಹೊತ್ತು ತೆರೆಯಲೇ ಇಲ್ಲ. ತಿಪ್ಪಕ್ಕ ಓಡಿ ಹೋಗಿ ಆರಿಸಿದಳು.

ಶ್ರಾವಣ ಕಳೆಯಿತು, ಭಾದ್ರಪದ ಬಂತು. ಗಾಳಿ ಇಳಿಯಿತು. ಅವಳ ಬಲಗೈಯ ಹೆಬ್ಬೆರಳು ಅಲ್ಲಾಡಿತು. ಅವತ್ತು ವಾರ್ಡಿನಲ್ಲಿ ತಿಪ್ಪಕ್ಕ ಎಲ್ಲರಿಗೂ ಮಂಡಕ್ಕಿ ಹಂಚಿದಳು. ಓಂಕಾರಪ್ಪ ಗಾರೆ ಕೆಲಸ ಬಿಟ್ಟು ಹದಿನೈದು ದಿನ ನಮ್ಮ ಜೊತೆ ನಿಂತು ಕಫ ತೆಗೆಯುವುದು, ಕೊಳವೆ ತೊಳೆಯುವುದು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಮೂಗಿನ ಕೊಳವೆಯಲ್ಲಿ ರಾಗಿ ಗಂಜಿ ಇಳಿಸುವುದು ಎಲ್ಲ ಕಲಿತರು. ಅಷ್ಟು ನಾಜೂಕಾಗಿ ನನ್ನ ವಿದ್ಯಾರ್ಥಿನಿಯರೂ ಮಾಡುವುದಿಲ್ಲ. ಕಫ ಹೀರುವ ಸಣ್ಣ ಯಂತ್ರವೊಂದನ್ನು ಮನೆಗೂ ಹೊಂದಿಸಿದರು. ಆಮೇಲೆ ಒಂದು ದಿನ ಅವರು ಮತ್ತೆ ಅದೇ ಪ್ರಶ್ನೆ ಕೇಳಿದರು. "ಬಸಮ್ಮೀ, ಮನಿಗೆ ಹೋಗಾಣೇನೆ?" ಅವಳು ಕಣ್ಣು ಮುಚ್ಚಿದಳು. ನಾವು ಮೂರು ಜನ ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡೆವು.

ಹೊರಡುವ ದಿನ ಸ್ಟ್ರೆಚರು ಅಂಗಳಕ್ಕೆ ಬಂತು. ಅವಳ ಮೈಮೇಲೆ ಆ ಕೌದಿಯಿತ್ತು, ಹೊದಿಸುವ ಮುಂಚೆ ಕೇಳಿದ್ದೆ. ರಟ್ಟೆಯ ಲಿಂಗದ ದಾರ ಹೊಸದಾಗಿತ್ತು. ಗಂಗಮ್ಮ ನನ್ನ ಕೈ ಹಿಡಿದು, "ನೀನು ದೇವ್ರು ಕಣವ್ವ" ಅಂದರು. ಅದನ್ನು ಕೇಳಿಸಿಕೊಂಡು ಸುಮ್ಮನೆ ನಿಲ್ಲಲು ನನಗಾಗಲಿಲ್ಲ. ಅಷ್ಟು ವಾರ ನಾಲಿಗೆಯ ತುದಿಯಲ್ಲಿಟ್ಟುಕೊಂಡು ನುಂಗುತ್ತಿದ್ದ ಪ್ರಶ್ನೆಯನ್ನು, ಅವಳ ಮುಖದ ಮೇಲೆ ಬಗ್ಗಿ ಕೇಳಿಯೇಬಿಟ್ಟೆ.

"ಕರಿಬಸಮ್ಮ, ನನ್ ಮ್ಯಾಲೆ ಸಿಟ್ಟೈತಾ?"

ಅವಳು ನನ್ನನ್ನೇ ನೋಡಿದಳು. ಆ ಕಣ್ಣು ಮೇಲೆ ಹೋಗಲಿ ಅಂತ ನಾನು ಎಷ್ಟು ಆಸೆಪಟ್ಟೆನೋ ನನಗೇ ಗೊತ್ತು. ಅವಳು ನಿಧಾನವಾಗಿ ಕಣ್ಣು ಮುಚ್ಚಿದಳು, ಒಂದು ಉಸಿರಿನಷ್ಟು ಹೊತ್ತು ಹಾಗೇ ಇಟ್ಟು, ತೆರೆದಳು.

ಓಂಕಾರಪ್ಪ ಗಲಿಬಿಲಿಗೊಂಡರು. "ಏನಿಲ್ರಿ ಸಿಸ್ಟರೇ, ಕಣ್ಣಾಗೆ ಧೂಳು ಬಿತ್ತೇನೋ, ಸುಮ್ನೆ ಮುಚ್ಚಿದ್ಳು ಅಷ್ಟೆ" ಅಂದರು.

"ಇಲ್ಲ ಓಂಕಾರಪ್ನೋರೆ," ಅಂದೆ. "ಹೌದು ಅಂದ್ರು."